ಟೀಚರ್ ಆಗುವುದಾದರೆ ಯಾವ ತರಗತಿಗೆ, ಯಾವ ವಿಷಯಕ್ಕೆ?



ಮೇ, ಜೂನ್ ತಿಂಗಳು ಬಂತೆಂದರೆ ನಮ್ಮ ಸಂಘಗಳ ಸಾಲದ ಪುಸ್ತಕದಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಕಾಣಿಸುತ್ತದೆ. ಮಗಳ ಓದು. ಅದರಲ್ಲೂ ‘ಟೀಚರ್ ಟ್ರೈನಿಂಗ್’ ಎಂದು ಬರೆಸುವವರು ಬಹಳ ಮಂದಿ. ಹೆಣ್ಣು ಮಗಳಿಗೆ ಟೀಚರ್ ಕೆಲಸ ಒಳ್ಳೇದು, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರ್ತಾಳೆ, ಮಕ್ಕಳಿಗೆ ರಜೆ ಇದ್ದಾಗ ಅವಳಿಗೂ ರಜೆ ಅಂತ ತಾಯಂದಿರು ಹೇಳ್ತಾರೆ. ಈಗೀಗ ಪಿ.ಯು.ಸಿ., ಡಿಗ್ರಿ ಓದಿ ಮದುವೆಯಾಗಿ ಬಂದ ಸಣ್ಣ ವಯಸ್ಸಿನ ಸದಸ್ಯರು ತಮಗಾಗಿಯೇ ಕೇಳುವುದೂ ಉಂಟು. ಇದು ನಮಗೆ ತುಂಬಾ ಸಂತೋಷದ ವಿಷಯ.

ಆದರೆ ‘ಯಾವ ಕ್ಲಾಸಿನ ಟೀಚರ್? ಯಾವ ವಿಷಯದ ಟೀಚರ್?’ ಎಂದು ನಾವು ಕೇಳಿದರೆ ಸಭೆ ಸುಮ್ಮನಾಗುತ್ತದೆ. ‘ಟೀಚರ್ ಅಂದ್ರೆ ಟೀಚರ್ ಅಲ್ವಾ ಸಿಸ್ಟರ್, ಬಿ.ಇಡಿ. ಒಂದು ಆದ್ರೆ ಸಾಕಲ್ಲ?’ ಎನ್ನುತ್ತಾರೆ.

ಸಾಕಾಗುವುದಿಲ್ಲ. ಬಸ್ಸು ಓಡಿಸುವ ಲೈಸೆನ್ಸ್ ಬೇರೆ, ಆಟೋ ಓಡಿಸುವ ಲೈಸೆನ್ಸ್ ಬೇರೆ ಇದ್ದ ಹಾಗೆ, ಒಂದನೇ ತರಗತಿಗೆ ಕಲಿಸುವ ಅರ್ಹತೆ ಬೇರೆ, ಹತ್ತನೇ ತರಗತಿಗೆ ಕಲಿಸುವ ಅರ್ಹತೆ ಬೇರೆ. ಒಂದರ ಪ್ರಮಾಣ ಪತ್ರ ಇಟ್ಟುಕೊಂಡು ಇನ್ನೊಂದರ ಬಾಗಿಲು ತಟ್ಟಿದರೆ ಅರ್ಜಿಯೇ ತಿರಸ್ಕಾರವಾಗುತ್ತದೆ. ನಮ್ಮ ಒಂದು ಸಂಘದ ಸದಸ್ಯೆ 50 ಸಾವಿರ ರೂಪಾಯಿ ಸಾಲ ತೆಗೆದು ಮಗಳನ್ನು ಬಿ.ಇಡಿ.ಗೆ ಸೇರಿಸಿದರು. ಮಗಳು ಬಿ.ಕಾಂ. ಓದಿದವಳು, ಜಾಣೆ, ಬಿ.ಇಡಿ. ಕೂಡ ಚೆನ್ನಾಗಿ ಪಾಸಾದಳು. ಆಮೇಲೆ ನೋಡಿದರೆ ಸರ್ಕಾರಿ ಹೈಸ್ಕೂಲಿನಲ್ಲಿ ‘ಕಾಮರ್ಸ್ ಟೀಚರ್’ ಎಂಬ ಹುದ್ದೆಯೇ ಇಲ್ಲ. ಹೈಸ್ಕೂಲಿನ ಸಮಾಜ ವಿಜ್ಞಾನ ಪುಸ್ತಕದ ಒಳಗೆ ವ್ಯವಹಾರ ಅಧ್ಯಯನ ಅಂತ ಒಂದು ಚಿಕ್ಕ ಭಾಗ ಇದೆ, ಅಷ್ಟೇ. ಕಾಮರ್ಸ್ ಪ್ರತ್ಯೇಕ ವಿಷಯವಾಗಿ ಬರುವುದು ಪಿ.ಯು.ಸಿ.ಯಲ್ಲಿ, ಅಲ್ಲಿ ಕಲಿಸಲು ಎಂ.ಕಾಂ. ಆಗಿರಬೇಕು. ಹುಡುಗಿಯ ತಪ್ಪೇನೂ ಇಲ್ಲ, ತಾಯಿಯ ತಪ್ಪೂ ಇಲ್ಲ. ಸೀಟು ಕೊಟ್ಟ ಕಾಲೇಜಿನವರು ಇದನ್ನು ಹೇಳಲಿಲ್ಲ. ಫೀಸು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದು ಎಂಬ ಕಾರಣಕ್ಕೇ ಈ ಲೇಖನ ಬರೆಯುತ್ತಿದ್ದೇವೆ.

ಮೊದಲು ತರಗತಿಯ ಮಾತು

ನಮ್ಮ ರಾಜ್ಯದಲ್ಲಿ ಶಾಲೆಯ ಮೆಟ್ಟಿಲುಗಳು ನಾಲ್ಕು ಎಂದು ಇಟ್ಟುಕೊಳ್ಳಿ. 1ರಿಂದ 5, 6ರಿಂದ 8, ಹೈಸ್ಕೂಲು, ಪಿ.ಯು.ಸಿ. ಮೊದಲ ಎರಡು ಮೆಟ್ಟಿಲಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಈ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದೇ ವರ್ಷ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎಲ್ಲರೂ ಎನ್.ಸಿ.ಟಿ.ಇ. ಎನ್ನುವ ಸಂಸ್ಥೆ, ಯಾವ ತರಗತಿಗೆ ಏನು ಓದಿರಬೇಕು ಎಂದು ಅಧಿಸೂಚನೆ ಹೊರಡಿಸಿತು. ಇವತ್ತಿಗೂ ನಡೆಯುತ್ತಿರುವುದು ಅದರ ಆಧಾರದ ಮೇಲೆಯೇ.

1ರಿಂದ 5ನೇ ತರಗತಿಗೆ ಕಲಿಸಬೇಕಾದರೆ ಪಿ.ಯು.ಸಿ.ಯಲ್ಲಿ ಶೇಕಡಾ 50 ಅಂಕ ಬೇಕು, ಮೀಸಲಾತಿ ವರ್ಗದವರಿಗೆ ಶೇಕಡಾ 5ರಷ್ಟು ರಿಯಾಯಿತಿ ಇದೆ. ಅದರ ಮೇಲೆ ಎರಡು ವರ್ಷದ ಡಿ.ಎಲ್.ಇಡಿ. ಮಾಡಬೇಕು. ನಿಮ್ಮಲ್ಲಿ ಹಿರಿಯರಿಗೆ ಇದು ಟಿ.ಸಿ.ಎಚ್. ಅಂದರೆ ಬೇಗ ಅರ್ಥವಾಗುತ್ತದೆ, ಆಮೇಲೆ ಡಿ.ಇಡಿ. ಎಂದಾಯಿತು, ಈಗ ಡಿ.ಎಲ್.ಇಡಿ. ಪಿ.ಯು.ಸಿ.ಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದೇ ಓದಿದ್ದರೂ ನಡೆಯುತ್ತದೆ. ಜಿಲ್ಲೆಯ ಡಯಟ್‌ನಲ್ಲಿ ಸರ್ಕಾರಿ ಸೀಟು ಸಿಕ್ಕರೆ ಖರ್ಚೂ ಕಡಿಮೆ.

ಇಲ್ಲಿ ಒಂದು ಮುಖ್ಯ ವಿಷಯ. ಬಿ.ಇಡಿ. ಮಾಡಿದವರು ಚಿಕ್ಕ ಮಕ್ಕಳಿಗೂ ಕಲಿಸಬಹುದು ಎಂದು 2018ರಲ್ಲಿ ಒಂದು ಅಧಿಸೂಚನೆ ಬಂದಿತ್ತು. ಅದನ್ನು ನಂಬಿ ದೇಶದಲ್ಲಿ ಲಕ್ಷಗಟ್ಟಲೆ ಜನ ಬಿ.ಇಡಿ. ಇಟ್ಟುಕೊಂಡು ಕಾದರು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸರಿಯಲ್ಲ ಎಂದು ತೀರ್ಪು ಕೊಟ್ಟಿದೆ. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ, ಅದಕ್ಕೆಂದೇ ತಯಾರಾದವರು ಬೇಕು ಎಂಬುದು ಕೋರ್ಟಿನ ಮಾತಿನ ಸಾರ. ಆದ್ದರಿಂದ ‘ದೊಡ್ಡ ಕೋರ್ಸ್ ಮಾಡಿದ್ರೆ ಸಣ್ಣದೂ ಅದರಲ್ಲೇ ಬಂತು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿ.ಇಡಿ. ಆದವಳು 1ರಿಂದ 5ಕ್ಕೆ ಅರ್ಜಿ ಹಾಕುವ ಹಾಗಿಲ್ಲ.

ನಮಗೆ ಕೇಳಿದರೆ ಈ ತೀರ್ಪು ಸರಿಯಾಗಿಯೇ ಇದೆ. ಒಂದನೇ ತರಗತಿ ಮಗುವಿಗೆ ‘ಅ’ ಬರೆಯಲು ಕಲಿಸುವುದು ಸುಲಭ ಎಂದು ಹೇಳುವವರು ಒಂದು ದಿನ ನಲಿಕಲಿ ಕೋಣೆಯಲ್ಲಿ ಕೂತು ನೋಡಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ, ಪ್ರತಿ ಮಗು ತನ್ನ ಮೆಟ್ಟಿಲಿನ ಕಾರ್ಡು ಹುಡುಕಿ ತೆಗೆದುಕೊಂಡು ಅದರಂತೆ ಕಲಿಯುತ್ತದೆ. ಒಂದು ಮಗು ಅಕ್ಷರದಲ್ಲಿದೆ, ಪಕ್ಕದ್ದು ಕಥೆ ಓದುತ್ತಿದೆ, ಇನ್ನೊಂದು ಮೂತ್ರಕ್ಕೆ ಹೋಗಬೇಕು ಎಂದು ಅಳುತ್ತಿದೆ. ಟೀಚರ್ ಒಬ್ಬರೇ. ಕನ್ನಡ, ಗಣಿತ, ಪರಿಸರ ಅಧ್ಯಯನ ಎಲ್ಲಾ ಅವರೇ ಮಾಡಬೇಕು. ಹಾಡಬೇಕು, ಕುಣಿಯಬೇಕು, ಮೂಗು ಒರೆಸಬೇಕು. ಇದು ಇಷ್ಟಪಡುವವರಿಗೆ ಸ್ವರ್ಗ, ಇಷ್ಟ ಇಲ್ಲದವರಿಗೆ ಮೂವತ್ತು ವರ್ಷದ ಶಿಕ್ಷೆ. ಮಕ್ಕಳಿಗೂ ಶಿಕ್ಷೆ.

ಈ ಮೆಟ್ಟಿಲಿನ ಕಷ್ಟವನ್ನೂ ಮುಚ್ಚಿಡಬಾರದು. ಒಂದು ಕಾಲದಲ್ಲಿ ತಾಲ್ಲೂಕು ತಾಲ್ಲೂಕಿಗೂ ಡಿ.ಇಡಿ. ಕಾಲೇಜುಗಳು ತಲೆ ಎತ್ತಿದವು, ಆಮೇಲೆ ಬಹಳಷ್ಟು ಮುಚ್ಚಿಹೋದವು. ಕಲಿತವರಷ್ಟು ಹುದ್ದೆ ಕರೆಯಲಿಲ್ಲ, ಅದೇ ಕಾರಣ. 2022ರಲ್ಲಿ ರಾಜ್ಯದಲ್ಲಿ ನಡೆದ ದೊಡ್ಡ ನೇಮಕಾತಿ 1ರಿಂದ 5ಕ್ಕೆ ಆಗಿರಲಿಲ್ಲ, 6ರಿಂದ 8ಕ್ಕೆ ಆಗಿತ್ತು.

6ರಿಂದ 8: ನಡುವಿನ ಮೆಟ್ಟಿಲು

ಇಲ್ಲಿಯ ಹುದ್ದೆಗೆ ಪದವೀಧರ ಪ್ರಾಥಮಿಕ ಶಿಕ್ಷಕರು ಎಂದು ಹೆಸರು. ಪೇಪರಿನಲ್ಲಿ ಜಿ.ಪಿ.ಟಿ. ಎಂದು ಬರೆದಿರುತ್ತಾರೆ. ಹೆಸರೇ ಹೇಳುವಂತೆ ಡಿಗ್ರಿ ಆಗಿರಲೇಬೇಕು. ಡಿಗ್ರಿಯ ಜೊತೆ ಬಿ.ಇಡಿ. ಆಗಬಹುದು, ಇಲ್ಲವೇ ಡಿಗ್ರಿಯ ಜೊತೆ ಡಿ.ಎಲ್.ಇಡಿ. ಆಗಬಹುದು. ಈ ಎರಡನೇ ದಾರಿ ನಮ್ಮ ಎಷ್ಟೋ ಮನೆಗಳಿಗೆ ಹೊಂದುತ್ತದೆ ಎಂದು ನಮ್ಮ ಅಭಿಪ್ರಾಯ. ಪಿ.ಯು.ಸಿ. ಆದ ಮೇಲೆ ಎರಡು ವರ್ಷ ಡಿ.ಎಲ್.ಇಡಿ. ಮಾಡಿ, ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕೆ ಸೇರಿ, ಸಂಬಳದಲ್ಲೇ ಮುಕ್ತ ವಿಶ್ವವಿದ್ಯಾನಿಲಯದಿಂದ ಡಿಗ್ರಿ ಮುಗಿಸಿದರೆ ಎರಡು ಮೆಟ್ಟಿಲಿಗೂ ಅರ್ಹತೆ ಬರುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಸಾಲ ಕಡಿಮೆ.

2022ರ ಜಿ.ಪಿ.ಟಿ. ನೇಮಕಾತಿಯಲ್ಲಿ ಕರೆದದ್ದು 15 ಸಾವಿರ ಹುದ್ದೆ. ಅದರಲ್ಲಿ 5 ಸಾವಿರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮೀಸಲು. ಅಷ್ಟು ಜನ ಕೆಲಸ ಇಲ್ಲದೆ ಕೂತಿದ್ದರೂ ಕೊನೆಗೆ ಆಯ್ಕೆ ಪಟ್ಟಿಗೆ ಬಂದದ್ದು 13 ಸಾವಿರದ ಚಿಲ್ಲರೆ ಮಂದಿ ಮಾತ್ರ. ಅಂದರೆ ಹುದ್ದೆ ಇದ್ದೂ ತುಂಬಲಿಲ್ಲ. ಆ ಪರೀಕ್ಷೆ ಬರೀ ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಆಗಿರಲಿಲ್ಲ, ತನ್ನ ವಿಷಯವನ್ನು ವಿವರಿಸಿ ಬರೆಯುವ ಪತ್ರಿಕೆಯೂ ಇತ್ತು. ಗೈಡು ಬಾಯಿಪಾಠ ಮಾಡಿದವರಿಗೆ ಅಲ್ಲಿ ಕಷ್ಟವಾಯಿತು. ಹುದ್ದೆಗಳು ಇಂಗ್ಲಿಷ್, ಸಮಾಜ ವಿಜ್ಞಾನ, ಗಣಿತ ಮತ್ತು ವಿಜ್ಞಾನ, ಜೀವ ವಿಜ್ಞಾನ ಎಂದು ವಿಂಗಡವಾಗಿದ್ದವು. ಡಿಗ್ರಿಯಲ್ಲಿ ಏನು ಓದಿದ್ದಾಳೋ ಅದೇ ವಿಷಯದಲ್ಲಿ ಅರ್ಜಿ ಹಾಕಬೇಕು, ಮನಸ್ಸಿಗೆ ಬಂದದ್ದರಲ್ಲಿ ಅಲ್ಲ.

ಟಿ.ಇ.ಟಿ. ಎಂದರೆ ಕೆಲಸ ಅಲ್ಲ

1ರಿಂದ 8ನೇ ತರಗತಿಯ ತನಕ ಕಲಿಸುವವರು ಟ್ರೈನಿಂಗ್ ಜೊತೆ ಟಿ.ಇ.ಟಿ. ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪತ್ರಿಕೆ ಎರಡಿದೆ. 1ರಿಂದ 5ಕ್ಕೆ ಮೊದಲನೇ ಪತ್ರಿಕೆ, 6ರಿಂದ 8ಕ್ಕೆ ಎರಡನೇ ಪತ್ರಿಕೆ. ಒಂದೊಂದಕ್ಕೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪಾಸಾಗಲು ಶೇಕಡಾ 60, ಅಂದರೆ 90 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇಕಡಾ 55.

ಮೊದಲನೇ ಪತ್ರಿಕೆಯಲ್ಲಿ ಮಕ್ಕಳ ಬೆಳವಣಿಗೆ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ ಎಲ್ಲದಕ್ಕೂ ತಲಾ 30 ಅಂಕ. ಎರಡನೇ ಪತ್ರಿಕೆಯಲ್ಲಿ ಕೊನೆಯ 60 ಅಂಕ ಒಂದೋ ಗಣಿತ ಮತ್ತು ವಿಜ್ಞಾನಕ್ಕೆ, ಇಲ್ಲವೇ ಸಮಾಜ ವಿಜ್ಞಾನಕ್ಕೆ. ನೋಡಿ, ಇಲ್ಲಿಯೂ ವಿಷಯದ ಆಯ್ಕೆ ಬಂತು. ಎರಡೂ ಮೆಟ್ಟಿಲಿಗೆ ಅರ್ಹತೆ ಇರುವವರು ಎರಡೂ ಪತ್ರಿಕೆ ಬರೆಯಬಹುದು.

ಮೊದಲು ಈ ಪ್ರಮಾಣ ಪತ್ರಕ್ಕೆ ಏಳು ವರ್ಷ ಮಾತ್ರ ಆಯುಷ್ಯ ಇತ್ತು. 2021ರಲ್ಲಿ ಅದನ್ನು ಜೀವನ ಪೂರ್ತಿ ಎಂದು ಬದಲಾಯಿಸಿದರು. ಹಿಂದೆ, 2011ರಿಂದ ಈಚೆಗೆ ಪಾಸಾದವರಿಗೂ ಅದು ಅನ್ವಯಿಸುತ್ತದೆ. ಮದುವೆ, ಹೆರಿಗೆ ಅಂತ ಓದು ನಿಲ್ಲಿಸಿದ ಸೊಸೆಯಂದಿರು ಹಳೆಯ ಟಿ.ಇ.ಟಿ. ಸರ್ಟಿಫಿಕೇಟು ಟ್ರಂಕಿನಲ್ಲಿ ಇದ್ದರೆ ಹುಡುಕಿ ತೆಗೆಯಲಿ, ಅದಕ್ಕೆ ಇನ್ನೂ ಬೆಲೆ ಇದೆ. ಆದರೆ ಟಿ.ಇ.ಟಿ. ಪಾಸಾದ ಮಾತ್ರಕ್ಕೆ ಯಾರೂ ಕರೆದು ಕೆಲಸ ಕೊಡುವುದಿಲ್ಲ. ನೇಮಕಾತಿ ಪರೀಕ್ಷೆ ಬೇರೆಯೇ ಇರುತ್ತದೆ.

ಈಗಾಗಲೇ ಶಾಲೆಯಲ್ಲಿ ಕೆಲಸ ಮಾಡುತ್ತಿರುವ ಸದಸ್ಯರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೇ ಶಿಕ್ಷಕರೂ ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಅದೇ ತೀರ್ಪಿನಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿದ್ದಾರೆ. ‘ಸಿಸ್ಟರ್, ನಿಮ್ಮ ಕಾನ್ವೆಂಟ್ ಸ್ಕೂಲಿನಲ್ಲಿ ಒಂದು ಮಾತು ಹೇಳಿ ಸೇರಿಸಿಬಿಡಿ’ ಎಂದು ಕೇಳುವವರು ಈಗಲೂ ಇದ್ದಾರೆ. ಮಾತು ಹೇಳಬಹುದು. ಆದರೆ ಟ್ರೈನಿಂಗ್ ಇಲ್ಲದವರಿಗೆ ನಮ್ಮ ಮಾತು ಎಷ್ಟು ದಿನ ಕಾಪಾಡೀತು?

ಹೈಸ್ಕೂಲು, ಪಿ.ಯು.ಸಿ.

ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಇಡಿ. ಬೇಕು. ಬಿ.ಇಡಿ.ಗೆ ಸೇರಲು ಡಿಗ್ರಿಯಲ್ಲಿ ಶೇಕಡಾ 50 ಅಂಕ, ಮೀಸಲಾತಿಯವರಿಗೆ ರಿಯಾಯಿತಿ ಇದೆ. ಹಿಂದೆ ಒಂದು ವರ್ಷ ಇದ್ದ ಈ ಕೋರ್ಸನ್ನು 2015ರಿಂದ ಎರಡು ವರ್ಷ ಮಾಡಿದರು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿಯೂ ಡಿಗ್ರಿ ಮತ್ತು ಬಿ.ಇಡಿ. ಆದವರನ್ನೇ ತೆಗೆದುಕೊಳ್ಳುತ್ತಾರೆ. ವಸತಿ ಶಾಲೆ ಎಂದರೆ ಮಕ್ಕಳ ಜೊತೆ ಬೆಳಿಗ್ಗೆ, ರಾತ್ರಿ ಕೂಡ ಇರಬೇಕಾಗಿ ಬರುತ್ತದೆ, ಎಳೇ ಕೂಸು ಇರುವ ತಾಯಿ ಇದನ್ನು ಮೊದಲೇ ಯೋಚಿಸಬೇಕು. ಪಿ.ಯು. ಕಾಲೇಜಿನ ಉಪನ್ಯಾಸಕಿ ಆಗಲು ಅದೇ ವಿಷಯದಲ್ಲಿ ಎಂ.ಎ., ಎಂ.ಎಸ್ಸಿ. ಅಥವಾ ಎಂ.ಕಾಂ. ಆಗಿರಬೇಕು, ಬಿ.ಇಡಿ. ಕೂಡ ಬೇಕು.

ಇನ್ನೊಂದು ದಾರಿ ಬಗ್ಗೆ ಯಾರೂ ಕೇಳುವುದೇ ಇಲ್ಲ. ಅಂಗವಿಕಲ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಣದ ಡಿಪ್ಲೊಮಾ ಮತ್ತು ಬಿ.ಇಡಿ. ಇದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಸಂಸ್ಥೆಯಲ್ಲೇ ಕಲಿಯಬೇಕು, ಕಲಿತ ಮೇಲೆ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು, ಅದಕ್ಕೆ ಹುದ್ದೆ ಸೃಷ್ಟಿಸಿ ಎಂದು ಹೇಳಿದೆ. ಸರ್ಕಾರದ ಹುದ್ದೆಗಳು ನಿಧಾನವಾಗಿ ಬರುತ್ತವೆ. ಆದರೆ ಮನೆಯಲ್ಲಿಯೇ ಇಂಥ ಮಗುವನ್ನು ಸಾಕಿದ ಅಕ್ಕ, ಚಿಕ್ಕಮ್ಮ ಇರುತ್ತಾರಲ್ಲ, ಅವರಷ್ಟು ತಾಳ್ಮೆ ನಾವು ಬೇರೆ ಕಡೆ ನೋಡಿಲ್ಲ.

ವಿಷಯ ಯಾವುದು?

‘ಯಾವ ವಿಷಯಕ್ಕೆ ಬೇಗ ಕೆಲಸ ಸಿಗುತ್ತೆ?’ ಎಂದು ಎಲ್ಲರೂ ಕೇಳುತ್ತಾರೆ. ಹಳ್ಳಿ ಶಾಲೆಗಳ ಮುಖ್ಯೋಪಾಧ್ಯಾಯರನ್ನು ಕೇಳಿದರೆ ಬರುವ ಉತ್ತರ ಒಂದೇ: ಗಣಿತ, ವಿಜ್ಞಾನ, ಇಂಗ್ಲಿಷ್. ಕನ್ನಡ, ಸಮಾಜ ವಿಜ್ಞಾನಕ್ಕೆ ಕಲಿತವರು ಬಹಳ ಇದ್ದಾರೆ, ಪೈಪೋಟಿಯೂ ಬಹಳ. ಇದು ಸತ್ಯ. ಆದರೆ ಇದನ್ನು ಕೇಳಿಕೊಂಡು ಗಣಿತ ಎಂದರೆ ಬೆವರುವ ಹುಡುಗಿಯನ್ನು ಗಣಿತಕ್ಕೆ ತಳ್ಳಬಾರದು. 2022ರಲ್ಲಿ ತುಂಬದೆ ಉಳಿದ ಹುದ್ದೆಗಳನ್ನು ನೆನೆಸಿಕೊಳ್ಳಿ. ಕೊರತೆ ಇರುವ ವಿಷಯವೇ ಆದರೂ ಅದರಲ್ಲಿ ಗಟ್ಟಿ ಇಲ್ಲದವಳಿಗೆ ಆ ಹುದ್ದೆ ದಕ್ಕುವುದಿಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ ಎಂದರೆ ವಿಷಯದ ಆಯ್ಕೆ ಬಿ.ಇಡಿ. ಸೇರುವಾಗ ಆಗುವುದೇ ಅಲ್ಲ. ಹಿಂದಿನಿಂದ ಎಣಿಸಿ ನೋಡಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಬೇಕಾದರೆ ಬಿ.ಇಡಿ.ಯಲ್ಲಿ ಗಣಿತದ ಬೋಧನಾ ವಿಧಾನ ತೆಗೆದುಕೊಂಡಿರಬೇಕು. ಅದು ಸಿಗಬೇಕಾದರೆ ಡಿಗ್ರಿಯಲ್ಲಿ ಗಣಿತ ಇರಬೇಕು, ಸಾಮಾನ್ಯವಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ. ಆ ಡಿಗ್ರಿಗೆ ಪಿ.ಯು.ಸಿ.ಯಲ್ಲಿ ಸೈನ್ಸ್ ಆಗಿರಬೇಕು. ಹಾಗಾದರೆ ತೀರ್ಮಾನ ಆದದ್ದು ಯಾವಾಗ? ಎಸ್.ಎಸ್.ಎಲ್.ಸಿ. ರಿಸಲ್ಟ್ ಬಂದ ವಾರ, ಹುಡುಗಿಗೆ ಹದಿನಾರು ವರ್ಷ ಇದ್ದಾಗ! ‘ಸೈನ್ಸ್‌ಗೆ ಟ್ಯೂಷನ್ ಖರ್ಚು, ಕಾಲೇಜು ದೂರ, ಬಸ್ಸಿಲ್ಲ’ ಎಂದು ಆರ್ಟ್ಸ್‌ಗೆ ಸೇರಿಸಿದ ದಿನವೇ ಆ ಬಾಗಿಲು ಮುಚ್ಚಿತು. ಗಂಡು ಮಗನಿಗೆ ಸೈನ್ಸ್, ಹೆಣ್ಣು ಮಗಳಿಗೆ ಆರ್ಟ್ಸ್ ಎಂದು ಮಾಡುವ ಮನೆಗಳು ಇನ್ನೂ ಇವೆ, ನಮ್ಮ ಸಂಘಗಳಲ್ಲೇ ಇವೆ.

ಹಾಗೆಯೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಬೇಕಾದರೆ ಡಿಗ್ರಿಯಲ್ಲಿ ಇಂಗ್ಲಿಷನ್ನು ಬರೀ ಭಾಷಾ ಪೇಪರಾಗಿ ಓದಿದರೆ ಸಾಲದು, ಐಚ್ಛಿಕ ವಿಷಯವಾಗಿ ಓದಿರಬೇಕು. ಸಮಾಜ ವಿಜ್ಞಾನಕ್ಕೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇಂಥ ವಿಷಯಗಳು ಡಿಗ್ರಿಯಲ್ಲಿ ಇರಬೇಕು. ಬಿ.ಬಿ.ಎ., ಬಿ.ಸಿ.ಎ. ಮಾಡಿದವರಿಗೆ ಬಿ.ಕಾಂ. ಹುಡುಗಿಗೆ ಆದ ತೊಂದರೆಯೇ ಆಗುತ್ತದೆ. ಈಗಾಗಲೇ ಬಿ.ಕಾಂ. ಆಗಿದ್ದರೆ ಎಂ.ಕಾಂ. ಮಾಡಿ ಪಿ.ಯು. ಕಾಲೇಜಿನ ಕಡೆ ಮುಖ ಮಾಡುವುದು ಒಂದು ದಾರಿ.

ಇಷ್ಟೆಲ್ಲಾ ಹೇಳಿದ ಮೇಲೂ ಮಗಳಿಗೆ ಯಾವುದು ಹೊಂದುತ್ತದೆ ಎಂದು ತಿಳಿಯುವುದು ಹೇಗೆ? ಮಾರ್ಕ್ಸ್ ಕಾರ್ಡು ಅರ್ಧ ಮಾತ್ರ ಹೇಳುತ್ತದೆ. ನಾವು ಒಂದು ಸುಲಭದ ಉಪಾಯ ಹೇಳುತ್ತೇವೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಅಕ್ಕಪಕ್ಕದ ಮನೆಯ ಮಕ್ಕಳನ್ನು ಸಂಜೆ ಜಗಲಿ ಮೇಲೆ ಕೂರಿಸಿಕೊಂಡು ಪಾಠ ಹೇಳಲಿ. ಮೂರನೇ ಕ್ಲಾಸಿನವರೂ ಇರಲಿ, ಒಂಬತ್ತನೇ ಕ್ಲಾಸಿನವರೂ ಇರಲಿ. ತಾಯಿ ಒಲೆ ಮುಂದೆ ಕೂತೇ ಗಮನಿಸಬಹುದು. ಭಿನ್ನರಾಶಿ ಅರ್ಥವಾಗದ ಮಗುವಿಗೆ ರೊಟ್ಟಿ ಮುರಿದು ಅರ್ಧ, ಕಾಲು ಎಂದು ತೋರಿಸುತ್ತಾಳೋ, ಅಥವಾ ‘ಎಷ್ಟು ಸಲ ಹೇಳೋದು’ ಎಂದು ರೇಗುತ್ತಾಳೋ? ಚಿಕ್ಕವರ ಗಲಾಟೆಯಲ್ಲಿ ಅವಳ ಮುಖ ಅರಳುತ್ತದೋ, ಅಥವಾ ದೊಡ್ಡ ಹುಡುಗರ ಪ್ರಶ್ನೆಗೆ ಉತ್ತರ ಹುಡುಕುವಾಗ ಅರಳುತ್ತದೋ? ಅವಳು ತಾನಾಗಿಯೇ ಯಾವ ಪುಸ್ತಕ ಮೊದಲು ತೆಗೆಯುತ್ತಾಳೆ? ಎರಡು ತಿಂಗಳಲ್ಲಿ ಗೊತ್ತಾಗುತ್ತದೆ, ಮತ್ತು ಇದಕ್ಕೆ ಖರ್ಚಿಲ್ಲ. ಕಲಿಸುವುದೇ ಇಷ್ಟವಿಲ್ಲ ಎಂದು ಗೊತ್ತಾದರೆ ಅದೂ ಒಳ್ಳೆಯದೇ. ನರ್ಸಿಂಗ್ ಇದೆ, ಬ್ಯಾಂಕಿನ ಪರೀಕ್ಷೆ ಇದೆ.

ಸಾಲ ತೆಗೆಯುವ ಮೊದಲು

ಸಂಘದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. 50 ಸಾವಿರಕ್ಕೆ ತಿಂಗಳಿಗೆ ಸಾವಿರ ರೂಪಾಯಿ. ಅಸಲು ಮುಟ್ಟದೆ ಬರೀ ಬಡ್ಡಿ ಕಟ್ಟುತ್ತಾ ಹೋದರೆ ಎರಡು ವರ್ಷದ ಕೋರ್ಸ್ ಮುಗಿಯುವಾಗ 24 ಸಾವಿರ ಬಡ್ಡಿಗೇ ಹೋಯಿತು, 50 ಸಾವಿರ ಹಾಗೇ ಇದೆ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಬಡ್ಡಿ ಇದಕ್ಕಿಂತ ಬಹಳ ಕಡಿಮೆ, ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಕೇಳದೆ ಕೊಡುವ ಯೋಜನೆ ಇದೆ, ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ಮೇಲೆ. ವಿದ್ಯಾಲಕ್ಷ್ಮಿ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಸಂಘದ ಹಣವನ್ನು ಅರ್ಜಿ ಫೀಸು, ಪುಸ್ತಕ, ಬಸ್ ಪಾಸು ಇಂಥ ಸಣ್ಣ ಖರ್ಚಿಗೆ ಇಟ್ಟುಕೊಳ್ಳುವುದು ಜಾಣತನ.

ಹೊಸದಾಗಿ ಕೆಲಸಕ್ಕೆ ಸೇರಿದವಳ ಮೊದಲ ಸಂಬಳ ದೊಡ್ಡದಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಗೌರವಧನವನ್ನು 2025ರ ರಾಜ್ಯ ಬಜೆಟ್‌ನಲ್ಲಿ ತಿಂಗಳಿಗೆ 2 ಸಾವಿರ ಹೆಚ್ಚಿಸಿದರು. ಆದರೂ ಅದು ಆ ಶಾಲಾ ವರ್ಷಕ್ಕೆ ಮಾತ್ರ ಸಿಗುವ ಕೆಲಸ, ಬೇಸಿಗೆ ರಜೆಯಲ್ಲಿ ಕೈ ಖಾಲಿ. ಅನುಭವಕ್ಕೆ ಒಳ್ಳೆಯದು, ಅದನ್ನೇ ನಂಬಿ ಸಾಲ ಮಾಡಬಾರದು.

ಕಾಲೇಜಿಗೆ ಹೋಗದೆ ಬಿ.ಇಡಿ. ಕೊಡಿಸ್ತೀವಿ, ಪಕ್ಕದ ರಾಜ್ಯದಲ್ಲಿ ಪರೀಕ್ಷೆ ಮಾತ್ರ ಬರೆದರೆ ಸಾಕು ಎಂದು ಏಜೆಂಟರು ಬರುತ್ತಾರೆ. ಮನೆ ಬಾಗಿಲಿಗೇ ಬರುತ್ತಾರೆ! ದೂರಶಿಕ್ಷಣದ ಬಿ.ಇಡಿ. ಎಂಬುದು ಇದೆ, ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲೂ ಇದೆ. ಆದರೆ ಅದು ಈಗಾಗಲೇ ಡಿ.ಎಲ್.ಇಡಿ.ಯಂಥ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ ಅಥವಾ ಸೇವೆಯಲ್ಲಿರುವ ತರಬೇತಿ ಪಡೆದ ಶಿಕ್ಷಕರಿಗೆ ಮಾತ್ರ. ಡಿಗ್ರಿ ಮುಗಿಸಿ ನೇರ ಬರುವ ಹುಡುಗಿಗೆ ಇಲ್ಲ. ಯಾವುದೇ ಕಾಲೇಜಾದರೂ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ ಎಂದು ಅವರ ವೆಬ್‌ಸೈಟಿನಲ್ಲಿ ನೋಡಬಹುದು. ಮನೆಯಲ್ಲಿ ಮೊಬೈಲು ಇರುವ ಮಕ್ಕಳಿಗೆ ಇದು ಐದು ನಿಮಿಷದ ಕೆಲಸ. ನಿಮ್ಮ ಬ್ಲಾಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಡಯಟ್‌ನಲ್ಲಿ ಕೇಳಿದರೂ ಹೇಳುತ್ತಾರೆ. ಸುಮ್ಮನೆ ಹೋಗಿ ಕೇಳಿ, ನಾಚಿಕೆ ಬೇಡ.

ಕಾಗದ ಪತ್ರದ ವಿಷಯ

ಇದನ್ನು ಎಲ್ಲರೂ ಕೊನೆಗೆ ನೋಡುತ್ತಾರೆ, ಅದಕ್ಕೇ ತೊಂದರೆಯಾಗುತ್ತದೆ. 2022ರ ಜಿ.ಪಿ.ಟಿ. ನೇಮಕಾತಿಯಲ್ಲಿ ಏನಾಯಿತು ಗೊತ್ತೇ? ಮದುವೆಯಾದ ಅನೇಕ ಹೆಣ್ಣುಮಕ್ಕಳು ಜಾತಿ ಮತ್ತು ಆದಾಯದ ಪ್ರಮಾಣ ಪತ್ರವನ್ನು ತಂದೆಯ ಹೆಸರಿನಲ್ಲಿ ಕೊಟ್ಟಿದ್ದರು. ಇಲಾಖೆ ಗಂಡನ ಆದಾಯದ್ದು ಬೇಕು ಎಂದು ಅವರನ್ನು ಮೀಸಲಾತಿಯಿಂದ ತೆಗೆದು ಸಾಮಾನ್ಯ ವರ್ಗಕ್ಕೆ ಹಾಕಿತು. ವಿಷಯ ಹೈಕೋರ್ಟಿಗೆ ಹೋಯಿತು. 2023ರ ಜನವರಿಯಲ್ಲಿ ಒಂದು ಆದೇಶ ಬಂತು, ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಅಷ್ಟರ ತನಕ ಸಾವಿರಾರು ಜನ ನೇಮಕಾತಿ ಪತ್ರ ಇಲ್ಲದೆ ಕಾದರು. ಆದ್ದರಿಂದ ಮದುವೆಯಾದವರು ಅರ್ಜಿ ತುಂಬುವ ಮೊದಲು ಅಧಿಸೂಚನೆಯಲ್ಲಿ ಯಾರ ಆದಾಯ ಕೇಳಿದ್ದಾರೆ ಎಂದು ಬೆರಳಿಟ್ಟು ಓದಬೇಕು. ಸೈಬರ್ ಸೆಂಟರಿನ ಹುಡುಗನಿಗೆ ಬಿಟ್ಟುಬಿಡಬಾರದು.

ವಯಸ್ಸಿನ ಮಿತಿ ಪ್ರತಿ ಅಧಿಸೂಚನೆಯಲ್ಲಿ ಕೊಟ್ಟಿರುತ್ತಾರೆ. ವಿಧವೆಯರಿಗೆ ಮತ್ತು ಅಂಗವಿಕಲರಿಗೆ ರಾಜ್ಯದ ನೇಮಕಾತಿ ನಿಯಮದಲ್ಲಿ 10 ವರ್ಷದ ಸಡಿಲಿಕೆ ಇದೆ. ‘ವಯಸ್ಸು ಮೀರಿತು’ ಎಂದು ಸುಮ್ಮನಿರುವ ನಮ್ಮ ವಿಧವಾ ಸದಸ್ಯರಿಗೆ ಇದನ್ನು ದಯವಿಟ್ಟು ಹೇಳಿ. 1ರಿಂದ 10ನೇ ತರಗತಿ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲಾತಿ, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ 371ಜೆ ಮೀಸಲಾತಿ. ಇವೆಲ್ಲಕ್ಕೂ ನಿಗದಿತ ನಮೂನೆಯಲ್ಲೇ ಪ್ರಮಾಣ ಪತ್ರ ಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಕ್ಕೆ ಓದಿದ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕಾಗುತ್ತದೆ. ತವರೂರಿನ ಶಾಲೆ ದೂರ ಇರುವವರು ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ಮೊದಲೇ ಹೋಗಿ ಮಾಡಿಸಿಕೊಂಡು ಬನ್ನಿ.